ಬ್ರಹ್ಮಗಿರಿಯ ಶಿಲೆಯೂ ಕುದಾಪುರದ ಯಂತ್ರವೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವುದನ್ನೂ, ನೆರೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ವಿಮಾನ ಪರೀಕ್ಷೆಯ ಬಯಲಿರುವುದನ್ನೂ ವಾಚಕರು ಬಲ್ಲರು. ಬೌದ್ಧಧರ್ಮಕ್ಕೂ ಯಂತ್ರವಿದ್ಯೆಗೂ ಎತ್ತಣ ಸಂಬಂಧವೆಂದು ಕೇಳುವವರುಂಟು. ಸಂಬಂಧವುಂಟೆಂಬುದೇ ನಮ್ಮ ಅಭಿಪ್ರಾಯ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು 1892ರಲ್ಲಿ ರೈಸ್ ಸಾಹೇಬರು ಬೆಳಕಿಗೆ ತಂದರು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅವು ಹುಟ್ಟಿದಾಗ ಬಂಡೆಯ ಮೇಲೆ ಅಕ್ಷರ ಕೊರೆಯುವುದೇ ಈ ಸೀಮೆಗೆ ನೂತನ ವಿದ್ಯೆಯಾಗಿತ್ತು. ಅದನ್ನು ಬರೆದ ಚಪಡನೆಂಬವನು ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ದೂರದೇಶದ ತಜ್ಞನನ್ನು ಕರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಇಂದಿನದಲ್ಲ!

ಆ ವಿದ್ಯೆಯಿಂದ ಚಕ್ರವರ್ತಿಯು ಸಾರಿದ್ದೇನು? ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೀರಿತೆಂದೂ, ಮೊದಲೊಂದು ವರ್ಷ ತನ್ನಲ್ಲಿ ಸಾಕಷ್ಟು ಉದ್ಯೋಗಶೀಲತೆ ಇರಲಿಲ್ಲವೆಂದೂ, ಸಂಘವನ್ನು ಸೇರಿದ ಮೇಲೆ ಅದು ಬಂದಿತೆಂದೂ ಒಪ್ಪಿಕೊಂಡನು. ತಾಯಿತಂದೆಗಳ ಸೇವೆ, ಪ್ರಾಣಿಗಳಲ್ಲಿ ದೃಢವಾದ ದಯೆ, ಸತ್ಯವಚನ, ಇವನ್ನು ವಿಧಿಸಿದನು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನವಂತೂ ಈ ಮಾತನ್ನು ಭೇರಿ ಬಾರಿಸಿ ಜನಪದಕ್ಕೆ ತಿಳಿಸತಕ್ಕದ್ದೆಂದು ಅಧಿಕಾರಿಗಳಿಗೆ ಆಜ್ಞಾಪಿಸುತ್ತದೆ. ಆಳುವವನು ತನ್ನ ಕೊರತೆಯನ್ನು ಮರೆಮಾಚಲಿಲ್ಲ, ಪ್ರಜೆಗೆ ತಿಳಿಸದೆ ಇರಲೂ ಇಲ್ಲ.

ಇನ್ನು ಚಳ್ಳಕೆರೆಯ ಕಡೆ ನೋಡೋಣ. 2008ರ ನಂತರದ ವರ್ಷಗಳಲ್ಲಿ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆಗಳು ರಕ್ಷಣಾ ಸಂಶೋಧನೆ, ಪರಮಾಣು ಶಕ್ತಿ, ಬಾಹ್ಯಾಕಾಶ ಇಲಾಖೆಗಳಿಗೂ ಇತರರಿಗೂ ಸಂದವು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ವಿಮಾನ ಪರೀಕ್ಷಾ ಕೇಂದ್ರವು 2017ರಲ್ಲಿ ಉದ್ಘಾಟನೆಗೊಂಡಿತು. 2023ರ ಏಪ್ರಿಲ್ 2ರಂದು, ಹೆಲಿಕಾಪ್ಟರಿನಿಂದ ಆಕಾಶದಲ್ಲಿ ಬಿಡಲ್ಪಟ್ಟ ಮರುಬಳಕೆಯ ಉಡಾವಣಾ ವಾಹನವು ತಾನಾಗಿಯೇ ಇಲ್ಲಿಯ ಓಡುದಾರಿಗೆ ಬಂದಿಳಿದುದು ಸ್ವದೇಶದ ಬುದ್ಧಿಶಕ್ತಿಗೆ ಸಂದ ಜಯ. ಅದಕ್ಕೆ ಹಿಗ್ಗದವನು ಭಾರತೀಯನೇ ಅಲ್ಲ.

ಆದರೆ ಆ ಕಾವಲು ಬರಿಯ ಬಂಜರೇ? ಮೈಸೂರಿನ ಅರಸರ ಕಾಲದಿಂದ ಅಮೃತಮಹಲ್ ದನಗಳನ್ನು ಸಾಕಿದ ಹುಲ್ಲುಗಾವಲದು, ಕೃಷ್ಣಮೃಗಗಳ ನೆಲೆ. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಡುವ ಕುರಿಗೆ ಹುಲ್ಲು ಅಲ್ಲಿಯದೇ. ಬೇಲಿ ಗೋಡೆಗಳು ಎದ್ದಾಗ ಕುರಿಗಾಹಿಯ ದಾರಿ ಮುಚ್ಚಿತು. ತಕರಾರು 2013ರಲ್ಲಿ ಚೆನ್ನೈನ ಹಸಿರು ನ್ಯಾಯಪೀಠದವರೆಗೂ ಹೋಯಿತು. ದೇಶರಕ್ಷಣೆಯಲ್ಲಿ ಗುಟ್ಟು ಬೇಕು, ಒಪ್ಪುತ್ತೇವೆ. ಯಂತ್ರದ ರಚನೆ ಗುಟ್ಟಾಗಿರಲಿ. ಗೋಮಾಳ ಹೋಗುತ್ತದೆಂಬ ಸುದ್ದಿಯೂ ಗುಟ್ಟಾಗಬೇಕೆ?

ಬುದ್ಧನ ಮಾರ್ಗವು ವಿದ್ಯೆಯನ್ನು ಹಳಿಯುವುದಿಲ್ಲ. ಕರ್ಮದ ಹಿಂದಿರುವ ಚೇತನೆಯನ್ನು ಪರೀಕ್ಷಿಸುತ್ತದೆ. ಆದುದರಿಂದ ನಾವು ಕೇಳುವುದು ಇಷ್ಟೆ. ಉಳಿದಿರುವ ಕಾವಲಿನ ಒಂದೊಂದು ತುಂಡಿನ ವಿಷಯವನ್ನೂ ಮುಟ್ಟುವ ಮುನ್ನ ಆಯಾ ಗ್ರಾಮದಲ್ಲಿ ಕನ್ನಡದಲ್ಲಿ ಸಾರತಕ್ಕದ್ದು. ಗೋಡೆಯೊಳಗಿನ ಖಾಲಿ ನೆಲದಲ್ಲಿ ಅಪಾಯವಿಲ್ಲದ ಕಡೆ ಕುರಿದನಗಳಿಗೆ ಋತುವಾರು ಮೇವಿನ ಹಕ್ಕನ್ನು ಕೊಡತಕ್ಕದ್ದು. ಹಳೆಯ ನೀರಿನ ದಾರಿಗಳನ್ನು ಬಿಡಿಸತಕ್ಕದ್ದು. ಈ ಮೂರಕ್ಕೆ ಹೊಸ ಕಾನೂನು ಬೇಕಿಲ್ಲ, ಜಿಲ್ಲಾಧಿಕಾರಿಗಳೂ ಸಂಸ್ಥೆಗಳ ಮುಖ್ಯಸ್ಥರೂ ಊರವರೊಡನೆ ಒಂದು ಮಧ್ಯಾಹ್ನ ಕುಳಿತರೆ ಆರಂಭವಾಗುವ ಕೆಲಸ.