ದಿನಕ್ಕೆ ಎರಡಾಣೆಯ ಪಾಠ

ಯುಗಾದಿಯಂದು ಕೈಗೊಂಡ ಸಂಕಲ್ಪ ರಾಮನವಮಿಯ ಪಾನಕದವರೆಗೂ ಬಾಳದಿರುವುದು ನಮ್ಮಲ್ಲಿ ಹೊಸತಲ್ಲ. ಈ ವರ್ಷ ಸಾಲ ತೀರಿಸುವೆನು, ಬೀಡಿ ಬಿಡುವೆನು, ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡುವೆನು ಎಂದು ಹೊರಟವರು ಒಂಬತ್ತೇ ದಿನಗಳಲ್ಲಿ ಹಳೆಯ ಜಾಡಿಗೆ ಮರಳುತ್ತಾರೆ. ಹಿರಿಯರು ಇದಕ್ಕೆ ಆರಂಭಶೂರತ್ವವೆಂದು ಹೆಸರಿಟ್ಟರು. ಹೆಸರಿಟ್ಟು ನಕ್ಕವರು ಬಹಳ. ಆ ಶೂರತ್ವ ಎರಡನೆಯ ವಾರಕ್ಕೇಕೆ ಉಳಿಯುವುದಿಲ್ಲವೆಂದು ವಿಚಾರಿಸಿದವರು ವಿರಳ.

ವಿಕ್ರೋಳಿಯ ಟಾಗೋರ್ ನಗರದಲ್ಲಾಗಲಿ, ಕನ್ನಮ್ವಾರ್ ನಗರದಲ್ಲಾಗಲಿ, ಹೋಟೆಲಿನಲ್ಲಿ ದುಡಿಯುವ ನಮ್ಮ ತರುಣನನ್ನು ಕೇಳಿದರೆ, ತನ್ನಲ್ಲಿ ಶಿಸ್ತಿಲ್ಲವೆಂದು ತಾನೇ ಹೇಳಿಕೊಳ್ಳುತ್ತಾನೆ. ಈ ಮಾತನ್ನು ನಾವು ಒಪ್ಪಲಾರೆವು. ಬೆಳಗಿನ ನಾಲ್ಕೂವರೆಗೆ ಎದ್ದು ಮಳೆಗಾಲವೆನ್ನದೆ ಜ್ವರವೆನ್ನದೆ ಇಡ್ಲಿಯ ಹಬೆ ಏರಿಸುವವನು ಶಿಸ್ತಿಲ್ಲದವನೇ? ವಿಕ್ರೋಳಿ ನಿಲ್ದಾಣದಲ್ಲಿ ಗೊತ್ತಾದ ನಿಮಿಷದ ಗಾಡಿಯನ್ನು ಗೊತ್ತಾದ ಡಬ್ಬಿಯಲ್ಲಿಯೇ ಏರುವ ಗುಮಾಸ್ತನಿಗೆ ನೇಮವಿಲ್ಲವೇ? ಶಿಸ್ತು ಇದೆ, ಧಾರಾಳವಾಗಿಯೇ ಇದೆ. ಆದರೆ ಅದೆಲ್ಲವೂ ಧನಿಯ ಮತ್ತು ಕಚೇರಿಯ ಗಡಿಯಾರಕ್ಕೆ ಕಟ್ಟಿದ ಶಿಸ್ತು. ಪರರ ಕೆಲಸಕ್ಕೆ ಹೊತ್ತು ಗೊತ್ತಾಗಿದೆ. ತನ್ನ ಹಿತಕ್ಕೆ ಹೊತ್ತು ಗೊತ್ತಾಗಿಲ್ಲ. ವ್ಯತ್ಯಾಸ ಇಷ್ಟೇ.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ವಾಚಕರಲ್ಲಿ ಅನೇಕರ ತವರಾದ ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು 8,000 ರೂಪಾಯಿಯ ಬಂಡವಾಳದಿಂದ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಕೈಮಗ್ಗದ ಕಸುಬು ಕುಸಿದು ಕಂಗಾಲಾಗಿದ್ದ ಕರಾವಳಿಯ ನೇಕಾರರಿಗೆ ನೆರವಾಗುವುದು ಅವರ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ ಇದೇ. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಲೆಕ್ಕಕ್ಕೆ ಹಾಕುತ್ತಿದ್ದನು.

ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಆ ಕಾಲದ ಬಡ ಕುಟುಂಬಕ್ಕೆ ಇದು ಅಲ್ಪವಲ್ಲ. ಆದರೂ ಯೋಜನೆಯ ಗುಟ್ಟು ಮೊತ್ತದಲ್ಲಿರಲಿಲ್ಲ. ಉಳಿಸಬೇಕೇ ಬೇಡವೇ ಎಂದು ನೇಕಾರನು ದಿನವೂ ತನ್ನ ಮನಸ್ಸಿನೊಡನೆ ವಾದಿಸಬೇಕಾದ ಪ್ರಸಂಗವೇ ಇರಲಿಲ್ಲ. ಬಾಗಿಲಿಗೆ ಬಂದವನಿಗೆ ಆ ಸಣ್ಣ ನಾಣ್ಯವನ್ನು ಕೊಟ್ಟರೆ ಅಂದಿನ ಕರ್ತವ್ಯ ತೀರಿತು. ಹನಿಗೂಡಿ ಹಳ್ಳವಾಗುವುದೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆ ಹನಿಗೆ ದಿನವೂ ಅದೇ ಹೊತ್ತಿಗೆ ಪಾತ್ರೆಯೊಡ್ಡುವವರು ಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಪಿಗ್ಮಿ ಯೋಜನೆ ಅದನ್ನು ಮಾಡಿ ತೋರಿಸಿತು.

ಇತ್ತೀಚಿನ ಶಾಸ್ತ್ರವೂ ಇದನ್ನೇ ಸಮರ್ಥಿಸುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು 12 ವಾರಗಳ ಕಾಲ ಪರೀಕ್ಷಿಸಿ 2009ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಒಬ್ಬೊಬ್ಬರೂ ಒಂದು ಸಣ್ಣ ಕಾರ್ಯವನ್ನು ಆರಿಸಿಕೊಂಡು, ದಿನದ ಯಾವುದಾದರೊಂದು ನಿಶ್ಚಿತ ಸಂದರ್ಭಕ್ಕೆ ಜೋಡಿಸಿ ಆಚರಿಸಿದರು. ಅದು ತಾನಾಗಿಯೇ ನಡೆಯುವ ಅಭ್ಯಾಸವಾಗಲು ಸುಮಾರು 66 ದಿನಗಳು ಬೇಕಾದವು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನಗಳವರೆಗೂ ಬೇಕಾದೀತೆಂದು ಲೆಕ್ಕ ಬಂತು. ಒಂದು ದಿನ ತಪ್ಪಿದರೆ ಕಟ್ಟಿದ್ದೆಲ್ಲವೂ ಕೆಡುವುದಿಲ್ಲವೆಂಬುದು ಅವರು ಕಂಡುಕೊಂಡ ಇನ್ನೊಂದು ಅಂಶ. ಒಂದು ದಿನದ ಲೋಪಕ್ಕೆ ಹೆದರಿ ಇಡೀ ವ್ರತವನ್ನೇ ಕೈಬಿಡುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಹಾಗಾದರೆ ಎಷ್ಟು ಚಿಕ್ಕದಾಗಿ ಆರಂಭಿಸಬೇಕು? ನಮ್ಮ ಮಟ್ಟಿಗೆ ಅಳತೆ ಒಂದೇ: ಅತ್ಯಂತ ಕೆಟ್ಟ ದಿನದಲ್ಲಿಯೂ, ಎರಡು ಪಾಳಿ ದುಡಿದು ಕಾಲು ಸೋತ ರಾತ್ರಿಯಲ್ಲಿಯೂ ಮಾಡಬಲ್ಲಷ್ಟು. ದಿನದ ಟಿಪ್ಸು ಎಣಿಸಿದೊಡನೆ ಹತ್ತು ರೂಪಾಯಿಯನ್ನು ಬೇರೆ ಇಟ್ಟರೆ ವರ್ಷಕ್ಕೆ 3,650 ರೂಪಾಯಿ. ಅಂಚೆ ಕಚೇರಿಯ ಐದು ವರ್ಷದ ಆವರ್ತ ಠೇವಣಿಗೆ ತಿಂಗಳಿಗೆ 100 ರೂಪಾಯಿಯೇ ಸಾಕು. ಓದು ನಿಂತವನಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ವಿಷಯಗಳನ್ನು ಒಂದೊಂದಾಗಿ ಮುಗಿಸಿ ಹತ್ತನೆಯ ತರಗತಿಯನ್ನು ಪೂರೈಸುವ ಅವಕಾಶವಿದೆ. ದಿನಕ್ಕೆರಡು ಪುಟದಿಂದ ಆರಂಭಿಸಿದವನು ಎರಡು ತಿಂಗಳ ಬಳಿಕ ನಾಲ್ಕಕ್ಕೇರಲಿ. ಗುಮಾಸ್ತನು ಸಂಜೆಯ ಗಾಡಿಯಲ್ಲಿ ದಾದರಿನಿಂದ ಕುರ್ಲಾದವರೆಗಿನ ಹೊತ್ತನ್ನು ಮೊಬೈಲಿಗೆ ಕೊಡದೆ ಪುಸ್ತಕಕ್ಕೆ ಕೊಡಲಿ. ಕೆಲಸವನ್ನು ಹಿಗ್ಗಿಸುವುದಕ್ಕೆ ಅವಸರ ಬೇಡ. ಹೊತ್ತನ್ನು ಮಾತ್ರ ಬದಲಿಸಬಾರದು.

ಮುಂಬಯಿ ಕನ್ನಡಿಗರಿಗೆ ಇದೇನೂ ಅಪರಿಚಿತ ಮಾರ್ಗವಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ಲೋಟ ತೊಳೆದ ಕೈಗಳೇ ಪೆನ್ಸಿಲು ಹಿಡಿದವು. ಅಲ್ಲಿಂದ ಹೊರಬಂದವರಲ್ಲಿ ಗುಮಾಸ್ತರೂ ವಕೀಲರೂ ಹೋಟೆಲಿನ ಒಡೆಯರೂ ಇದ್ದಾರೆ. ಅವರೆಲ್ಲರೂ ಅಸಾಮಾನ್ಯ ಮೇಧಾವಿಗಳೆಂದಲ್ಲ. ಹೋಗಲು ಒಂದು ಸ್ಥಳವಿತ್ತು, ಬಾರಿಸುವ ಗಂಟೆಯಿತ್ತು, ಬಾರದಿದ್ದರೆ ಏಕೆ ಬರಲಿಲ್ಲವೆಂದು ವಿಚಾರಿಸುವ ಗುರುಗಳಿದ್ದರು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಊರಿಗೆ ಹಣ ಕಳುಹಿಸಿ ಕೈಯಲ್ಲಿ ಬಿಡಿಗಾಸು ಉಳಿಯದವನಿಗೆ ಉಳಿತಾಯದ ಉಪದೇಶ, ನಿದ್ದೆಗೇ ಹೊತ್ತಿಲ್ಲದವನಿಗೆ ಓದಿನ ಉಪದೇಶ ಕ್ರೂರವಲ್ಲವೇ? ಹೌದು, ಉಪದೇಶ ಅಷ್ಟಕ್ಕೇ ನಿಂತರೆ ಕ್ರೂರವೇ ಸರಿ. ಆದುದರಿಂದ ನಮ್ಮ ಮಾತು ನೌಕರರಿಗಿಂತಲೂ ಧನಿಗಳಿಗೆ ಹೆಚ್ಚು ಸಲ್ಲತಕ್ಕದ್ದು. ವಾರಕ್ಕೊಂದು ರಜೆ ಹೋಟೆಲು ನೌಕರನಿಗೆ 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ಕಾಲದಲ್ಲಿಯೇ ಕಾನೂನಿನಿಂದ ದೊರೆತ ಹಕ್ಕು. ಅದು ಯಾರ ಔದಾರ್ಯವೂ ಅಲ್ಲ. ಆ ರಜೆಯನ್ನು ಮನಬಂದಂತೆ ಮುಂದೂಡುತ್ತ, ಮಧ್ಯಾಹ್ನದ ಬಿಡುವಿನಲ್ಲಿಯೂ ಕರೆದು ಕೆಲಸ ಹೇಳುತ್ತಿದ್ದರೆ, ಎಂತಹ ದೃಢಮನಸ್ಕನ ನೇಮವೂ ಮುರಿದುಬೀಳುತ್ತದೆ. ಹೊತ್ತೇ ತನ್ನದಲ್ಲದವನು ಯಾವ ಗೂಟಕ್ಕೆ ಅಭ್ಯಾಸವನ್ನು ಕಟ್ಟಬೇಕು? ನಮ್ಮ ಧನಿಗಳಲ್ಲಿ ಎಷ್ಟೋ ಮಂದಿ ತಾವೇ ಮಾಣಿಗಳಾಗಿ ಬಂದವರು. ದಿನದಲ್ಲಿ ಒಂದು ಗಂಟೆಯನ್ನು ನೌಕರನ ಸ್ವಂತದ್ದೆಂದು ಗೊತ್ತುಪಡಿಸಿ, ಅದನ್ನು ಗಲ್ಲಾದ ಹಣದಷ್ಟೇ ಜೋಪಾನವಾಗಿ ಕಾಯುವುದು ಅವರಿಗೆ ಅಸಾಧ್ಯವೇನೂ ಅಲ್ಲ.

ನಮ್ಮ ಸಂಘಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ. ವರ್ಷಕ್ಕೊಂದು ಅದ್ದೂರಿ ಸಮಾರಂಭವನ್ನು ನಾವು ಬೇಡವೆನ್ನುವುದಿಲ್ಲ. ಅದರೊಂದಿಗೆ, ವಿಕ್ರೋಳಿಯಂತಹ ಉಪನಗರಗಳಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ದಿನವೂ ತಪ್ಪದೆ ತೆರೆದಿರುವ ಒಂದು ಕೋಣೆ, ಅದರಲ್ಲಿ ನಾಲ್ಕು ಪುಸ್ತಕ, ಬಂದವರ ಹೆಸರು ಬರೆದುಕೊಂಡು ಬಾರದವರನ್ನು ವಿಚಾರಿಸುವ ಒಬ್ಬ ಹಿರಿಯ, ಇಷ್ಟನ್ನು ಏರ್ಪಡಿಸಲಿ. ಮೂವತ್ತು ವರ್ಷ ದುಡಿದು ಬರಿಗೈಯಲ್ಲಿ ಊರಿನ ಬಸ್ಸು ಹತ್ತುವವರನ್ನು ನಾವು ಸಾಕಷ್ಟು ಕಂಡಿದ್ದೇವೆ. ಎರಡಾಣೆಗಾಗಿ ಬಾಗಿಲಿಗೆ ಹೋದ ಹಿರಿಯರ ಮಕ್ಕಳು ನಾವು. ಇಂದು ನಮ್ಮ ತರುಣರ ಬಾಗಿಲಿಗೆ ಯಾರು ಹೋಗುತ್ತಾರೆಂಬುದನ್ನು ಸಂಘಗಳ ಮುಂದಿನ ಸಭೆಯಲ್ಲಿಯೇ ನಿರ್ಧರಿಸಬೇಕೆಂದು ಕೋರುತ್ತೇವೆ.