ಬಾಡಿಗೆ ಯಂತ್ರಕ್ಕೆ ನಮ್ಮ ಜಾಮೀನು

ಅಮೀರ್‌ಪೇಟ್‌ನ ಮೈತ್ರೀವನದ ಸುತ್ತ ಗೋಡೆ ಕಾಣದಷ್ಟು ಕಂಪ್ಯೂಟರ್ ತರಬೇತಿಯ ಬೋರ್ಡುಗಳು. ಬೀದರ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ನಮ್ಮ ಹುಡುಗರು ಇಲ್ಲಿನ ಹಾಸ್ಟೆಲುಗಳಲ್ಲಿದ್ದು ಕಲಿಯುತ್ತಾರೆ. ‘ಕೊಳ್ಳುವುದೇಕೆ, ತಿಂಗಳ ಬಾಡಿಗೆಗೆ ಲ್ಯಾಪ್‌ಟಾಪ್ ಒಯ್ಯಿರಿ’ ಎಂಬ ಚೀಟಿಯೂ ಅವರ ಕೈ ಸೇರುತ್ತದೆ. ಕಾಗದಕ್ಕೆ ಜಾಮೀನು ಬೇಕು. ಪರಊರಿನಲ್ಲಿ ಅವರಿಗೆ ಹಿರಿಯರೆಂದರೆ ನಾವೇ ತಾನೆ? ಅದರಲ್ಲೂ ಸರ್ಕಾರಿ ನೌಕರರೆಂದರೆ ಇಂಥ ಕಂಪನಿಗಳಿಗೆ ಎಲ್ಲಿಲ್ಲದ ಗೌರವ!

ನಾವೂ ಒಂದು ಸಹಿ ಹಾಕಿದೆವು. ಕಚೇರಿಯಲ್ಲಿ ದಿನವಿಡೀ ಕಡತದ ಅಲ್ಪವಿರಾಮವನ್ನೂ ಬಿಡದೆ ಓದುವ ನಾವು ಆ ಕಾಗದದ ಹಿಂಬದಿ ಓದಲಿಲ್ಲ. ಹುಡುಗ ಕೆಲಸ ಸಿಗದೆ ನಾಲ್ಕು ತಿಂಗಳಿಗೆ ಯಂತ್ರ ಹಿಂದಿರುಗಿಸಿ ಊರಿಗೆ ಹೋದ. ಉಳಿದ 20 ತಿಂಗಳ ಬಾಡಿಗೆಗೆ ಫೋನು ಬಂದದ್ದು ನಮಗೆ. 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ.

ಲೀಸಿಂಗ್ ವ್ಯವಹಾರವೇ ಮೋಸವೆಂದು ನಾವು ಹೇಳುವುದಿಲ್ಲ. 1973ರಲ್ಲಿ ಮದರಾಸಿನಲ್ಲಿ ಫಸ್ಟ್ ಲೀಸಿಂಗ್ ಕಂಪನಿ ಹುಟ್ಟಿದ ಮೇಲೆ ನಮ್ಮ ದೇಶದಲ್ಲಿ ಬೆಳೆದ ಈ ಪದ್ಧತಿ ಉದ್ಯಮಗಳಿಗೆ ಒಪ್ಪುವಂಥದು. ಕಾರ್ಖಾನೆಯವನು ಯಂತ್ರದ ಬಾಡಿಗೆಯನ್ನು ವ್ಯಾಪಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುತ್ತಾನೆ. ಸಂಬಳದವನು, ವಿದ್ಯಾರ್ಥಿ ಏನು ತೋರಿಸಬೇಕು?

45,000 ರೂಪಾಯಿಯ ಯಂತ್ರಕ್ಕೆ ತಿಂಗಳಿಗೆ 2,500ರಂತೆ 24 ತಿಂಗಳು ಕೊಟ್ಟರೆ 60,000 ಆಯಿತು, ಯಂತ್ರವೂ ಕೈಬಿಟ್ಟಿತು. ಇದಕ್ಕೆ ಬಿ.ಎಸ್ಸಿ. ಬೇಕಿಲ್ಲ. ಕಂತಿನ ಸಾಲದಲ್ಲೂ ಹೀಗೆಯೇ: ‘ಶೇಕಡಾ 12’ ಎಂದು ಇಡೀ ಅಸಲಿಗೆ ಎರಡು ವರ್ಷ ಬಡ್ಡಿ ಹಚ್ಚಿದರೆ, ತೀರುತ್ತ ಬರುವ ಅಸಲಿನ ಮೇಲೆ ಅದು ಶೇಕಡಾ 21 ದಾಟುತ್ತದೆ. ಶೂನ್ಯ ಬಡ್ಡಿಯೆಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬರೆಯಿತು. ವಾರ್ಷಿಕ ವೆಚ್ಚದ ದರವನ್ನು ಒಂದೇ ಪಟ್ಟಿಯಲ್ಲಿ ಸಾಲಗಾರನಿಗೆ ತೋರಿಸಬೇಕೆಂಬ ಅದರ ನಿಯಮ 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಬಂದಿದೆ. ಆದರೆ ಸಾಲವೆನ್ನದೆ ‘ಬಾಡಿಗೆ’ ಎಂದು ಬರೆದ ಕಾಗದದಲ್ಲಿ ನಮಗೆ ಆ ಪಟ್ಟಿ ಕಾಣಲಿಲ್ಲ. ಹೆಸರು ಬದಲಾದರೆ ನಮ್ಮ ಜೇಬಿಗೆ ಬೀಳುವ ಕತ್ತರಿ ಬದಲಾಗುತ್ತದೆಯೇ?

ಹುಡುಗರನ್ನು ಬೈದು ಫಲವಿಲ್ಲ. ಯಂತ್ರವಿಲ್ಲದೆ ಅವರು ಕಲಿಯಲಾರರು. ನಮ್ಮ ಸಂಘದ ವಾಚನಾಲಯದಲ್ಲಿ ಪುಸ್ತಕಗಳ ಪಕ್ಕದಲ್ಲೇ ಐದಾರು ಹಳೆಯ ಲ್ಯಾಪ್‌ಟಾಪುಗಳನ್ನು ಕೊಂಡಿಟ್ಟು, ಸಹಿ ಪಡೆದು ಎರವಲು ಕೊಟ್ಟರೆ ಯಾರು ಬೇಡವೆನ್ನುತ್ತಾರೆ? ಬೇಕಾದರೆ ರಾಜ್ಯೋತ್ಸವದ ಶಾಮಿಯಾನ ಒಂದು ವರ್ಷ ಚಿಕ್ಕದಾಗಲಿ. ಮುಂದಿನ ಸರ್ವಸದಸ್ಯರ ಸಭೆಗೆ ನಾವು ಈ ಠರಾವು ತರುತ್ತೇವೆ. ಅಷ್ಟರೊಳಗೆ ನಮ್ಮ ಕಂತುಗಳಂತೂ ತೀರಿರುವುದಿಲ್ಲ.