'ನೆಕ್ಸ್ಟ್' ಒತ್ತೋ ಮುಂಚೆ ಒಂದ್ನಿಮಿಷ ನಿಲ್ಲಿ ಸ್ವಾಮಿ

"ಫೈಲು ಎಲ್ಲೂ ಹೋಗಲ್ಲ ಅಪ್ಪಾ, ಇದ್ದ ಹಾಗೇ ಇರತ್ತೆ."

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನಾನು ಅಪ್ಪನಿಗೆ ಹೇಳಿದ ಮಾತಿದು. ಹೇಳಿ, ಅವರ ಹಳೇ ಲ್ಯಾಪ್‌ಟಾಪಿನಲ್ಲಿ ಅಪ್‌ಗ್ರೇಡ್ ಬಟನ್ ಒತ್ತಿ, ಕಜ್ಜಾಯ ತಿನ್ನೋಕೆ ಕೂತೆ. 60 ಪರ್ಸೆಂಟ್ ದಾಟಿತ್ತು, ಕರೆಂಟ್ ಹೋಯ್ತು. ಬ್ಯಾಟರಿ ಸತ್ತು ಎಷ್ಟೋ ವರ್ಷ. ಕರೆಂಟ್ ಬಂದ ಮೇಲೆ ಬರೀ ಕಪ್ಪು ಸ್ಕ್ರೀನು. ಪೆನ್ ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ರಾತ್ರಿಯಿಡೀ ಒದ್ದಾಡಿದೆ. ಫೋಟೋಗಳು ಬಹುಪಾಲು ಸಿಕ್ಕವು. ಅಪ್ಪ 11 ವರ್ಷದಿಂದ ಬರೆದಿಟ್ಟಿದ್ದ ಅಡಿಕೆ ತೋಟದ ಲೆಕ್ಕ ಮಾತ್ರ ಸಿಗಲಿಲ್ಲ.

"ಹೋಗ್ಲಿ ಬಿಡೋ, ಪುಸ್ತಕದಲ್ಲಿ ಬರ್ಕೊಂಡಿದ್ರೆ ಆಗಿತ್ತು" ಅಂದ್ರು ಅಪ್ಪ. ಬೈದಿದ್ರೇ ವಾಸಿ ಇತ್ತು.

ಯಾವ ಓಎಸ್ ಅಂತ ಕೇಳಬೇಡಿ, ತಪ್ಪು ನನ್ನದು. ನನ್ನ ಜಗಳ ಇರೋದು ನನ್ನಂಥ ಇಂಜಿನಿಯರುಗಳ ಜೊತೆ. ಆಫೀಸಿನ ಪ್ರೊಡಕ್ಷನ್ ಸರ್ವರ್ ಮುಟ್ಟಬೇಕಂದ್ರೆ ಬ್ಯಾಕಪ್, ರೋಲ್‌ಬ್ಯಾಕ್ ಪ್ಲಾನ್, ಮ್ಯಾನೇಜರ್ ಅಪ್ರೂವಲ್, ಮಧ್ಯರಾತ್ರಿಯ ಮುಹೂರ್ತ. ಅಪ್ಪನ ಕಂಪ್ಯೂಟರ್ ಆದ್ರೆ ಒಂದು ಕ್ಲಿಕ್ಕು! ಯಾವನೋ ಕ್ಲೈಂಟಿನ ಡೇಟಾಗೆ ಇರೋ ಮರ್ಯಾದೆ ಹೆತ್ತವರ ಡೇಟಾಗೆ ಇಲ್ವಾ?

ಇದ್ದ ಓಎಸ್ ಮೇಲೇ ಹೊಸದನ್ನ ಹಾಕೋದು ಅಂದ್ರೆ, ಮನೆಮಂದಿನೆಲ್ಲ ಒಳಗೇ ಕೂರಿಸಿಕೊಂಡು ಮಳೆಗಾಲದಲ್ಲಿ ಹೆಂಚು ಬಿಚ್ಚಿದ ಹಾಗೆ. ಹಳೇ ಡ್ರೈವರು, ಹಳೇ ಸೆಟ್ಟಿಂಗು, ಅರ್ಧಂಬರ್ಧ ಅನ್‌ಇನ್‌ಸ್ಟಾಲ್ ಆದ ಪ್ರೋಗ್ರಾಮುಗಳು, ಎಲ್ಲವನ್ನೂ ಹೊಸ ಮನೆಗೆ ಹೊತ್ತುಕೊಂಡು ಹೋಗಬೇಕು. ಪ್ರತಿಯೊಬ್ಬರ ಮೆಷಿನ್ನೂ ಬೇರೆ ಬೇರೆ. ಅಷ್ಟನ್ನೂ ಟೆಸ್ಟ್ ಮಾಡೋದು ಯಾರಿಂದಲೂ ಆಗಲ್ಲ.

ಉದಾಹರಣೆ ಬೇಕಾ? ವಿಂಡೋಸ್ 10ರ 1809 ಆವೃತ್ತಿ 2018ರ ಅಕ್ಟೋಬರ್ 2ರಂದು ಬಂತು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಥರದ ಫೋಲ್ಡರುಗಳನ್ನ ಬೇರೆ ಡ್ರೈವಿಗೆ ತಿರುಗಿಸಿಕೊಂಡು, ಹಳೇ ಜಾಗದಲ್ಲೂ ಫೈಲು ಉಳಿಸಿಕೊಂಡವರು ಕೆಲವರಿದ್ರು. ಅಪ್‌ಗ್ರೇಡ್ ಆ ಹಳೇ ಫೋಲ್ಡರನ್ನ ಒಳಗಿನ ಫೈಲುಗಳ ಸಮೇತ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದನ್ನ ನಿಲ್ಲಿಸಿ, ಸರಿಮಾಡಿ ನವೆಂಬರ್ 13ಕ್ಕೆ ಮತ್ತೆ ಬಿಟ್ಟಿತು. ತೊಂದರೆಯಾದವರು ತೀರಾ ಕಡಿಮೆ ಅಂತ ಕಂಪನಿಯ ಲೆಕ್ಕ. ಇರಬಹುದು. ಆ ಕಡಿಮೆಯವರಲ್ಲಿ ನೀವೊಬ್ಬರಾದ್ರೆ ನಿಮ್ಮ ಪಾಲಿಗೆ ಅದು ನೂರಕ್ಕೆ ನೂರು ಸ್ವಾಮಿ.

"ವಾಪಸ್ ಹೋಗಬಹುದಲ್ಲ?" ಅಂತೀರಾ. ವಿಂಡೋಸ್‌ನಲ್ಲಿ ಹಳೇದನ್ನ 'ವಿಂಡೋಸ್.ಓಲ್ಡ್' ಅನ್ನೋ ಫೋಲ್ಡರಿನಲ್ಲಿ ಇಡ್ತಾರೆ, ನಿಜ. ಆದ್ರೆ ಮಾಮೂಲಿ ಗಡುವು 10 ದಿನ ಅಷ್ಟೇ. ಅದೂ ಇರೋದು ಅದೇ ಡಿಸ್ಕಿನಲ್ಲಿ. ಡಿಸ್ಕೇ ಕೈಕೊಟ್ರೆ? ಅದನ್ನ ಬ್ಯಾಕಪ್ ಅನ್ನೋದು ಮನೆ ಬೀಗದಕೈನ ಮನೆಯೊಳಗೇ ಇಟ್ಟು ಬಾಗಿಲು ಹಾಕಿಕೊಂಡ ಹಾಗೆ.

ಹಾಗಂತ ಅಪ್‌ಗ್ರೇಡೇ ಬೇಡ ಅಂತ ನಾನು ಹೇಳ್ತಿಲ್ಲ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಸೆಕ್ಯುರಿಟಿ ಪ್ಯಾಚ್ ಇಲ್ಲದ ಮೆಷಿನ್ನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡೋದೂ ಹುಚ್ಚುತನವೇ. ನಾನು ಹೇಳೋದು ಇಷ್ಟೇ:

- ಮೊದಲು ಎಲ್ಲಾ ಫೈಲು ಬೇರೊಂದು ಡಿಸ್ಕಿಗೆ ಕಾಪಿ ಮಾಡಿ. ಮಾಡಿದ್ದನ್ನ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.
- ಬಿಟ್‌ಲಾಕರ್ ಆನ್ ಆಗಿದ್ರೆ ಅದರ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಡಿ.
- ಆಮೇಲೆ ಡಿಸ್ಕ್ ಒರೆಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಒಂದು ದಿನ ಹೋಗತ್ತೆ, ಹೋಗಲಿ.
- ಯುಪಿಎಸ್ಸೋ ಒಳ್ಳೇ ಬ್ಯಾಟರಿಯೋ ಇಲ್ಲದೆ ಶುರು ಮಾಡಲೇಬೇಡಿ.

ಅಪ್ಪ ಈಗ ಲೆಕ್ಕ ಬರೆಯೋದು ಉದ್ದನೆಯ ನೋಟ್‌ಬುಕ್ಕಿನಲ್ಲಿ. ಮಗ ಇಂಜಿನಿಯರ್ ಆಗಿದ್ದಕ್ಕೆ ಸಿಕ್ಕ ಲಾಭ ಇದು! ಮುಂದಿನ ಹಬ್ಬಕ್ಕೆ ಊರಿಗೆ ಹೋಗುವಾಗ ಸ್ವೀಟ್ ಬಾಕ್ಸ್ ಜೊತೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕೂ ಬ್ಯಾಗಿಗೆ ಹಾಕ್ಕೊಳ್ಳಿ.

ಏನಂತೀರಿ?